ಬರೀ ಪೆಟ್ರೋಲ್ ಹಾಕಿ

ನನ್ನ ಗಂಡ ನಂಜುಂಡಪ್ಪನವರಿಗೆ ಈಜು ಬರುವುದಿಲ್ಲ. ಮೊಣಕಾಲುದ್ದದ ನೀರಿಗೂ ಇಳಿಯುವ ಪೈಕಿಯಲ್ಲ. ಅಂಥವರು ಹದಿನೆಂಟು ವರ್ಷ ಬಾಪೂಜಿನಗರದ ಓಣಿಯೊಂದರಲ್ಲಿ ಕೂತು ದೋಣಿಯ ಮೋಟಾರು ರಿಪೇರಿ ಮಾಡಿದರು. ಸಮುದ್ರವೆಲ್ಲಿ, ಮೈಸೂರು ರಸ್ತೆಯ ಪಕ್ಕದ ಈ ಓಣಿಯೆಲ್ಲಿ ಎಂದು ಬಂದವರೆಲ್ಲ ಕೇಳುತ್ತಿದ್ದರು. ಅಂಗಡಿಯ ಮುಂದೆ ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿಗೆ ನೀರು ತುಂಬಿ, ಮೋಟಾರಿನ ಕೆಳಭಾಗವನ್ನು ಅದರಲ್ಲಿ ಮುಳುಗಿಸಿ, ಹಗ್ಗ ಎಳೆದು ಸ್ಟಾರ್ಟ್ ಮಾಡಿದರೆಂದರೆ ಎದುರುಮನೆಯ ರಂಗೋಲಿಯವರೆಗೆ ನೀರು ಹಾರುತ್ತಿತ್ತು. ಎದುರುಮನೆಯಾಕೆ ನನ್ನ ಮೇಲೆ ಜಗಳಕ್ಕೆ ಬರುತ್ತಿದ್ದಳು. ನಾನೂ ಬಿಡುತ್ತಿರಲಿಲ್ಲ.

ನಾನು ಮುನಿಲಕ್ಷ್ಮಮ್ಮ. ಇಲ್ಲೇ ಹತ್ತಿರದ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಲೆಕ್ಕದ ಮೇಡಂ ಆಗಿದ್ದೆ. ಈಗ ರಿಟೈರಾಗಿದ್ದೇನೆ, ಬಾಯಿ ಮಾತ್ರ ಇನ್ನೂ ರಿಟೈರಾಗಿಲ್ಲ. ನನ್ನ ಗಂಡನಿಗೆ ಏನಾಯಿತು ಎಂಬುದನ್ನು ಬರೆಯಬೇಕು ಎಂದು ಕೂತಿದ್ದೇನೆ. ಯಾಕೆಂದರೆ ಓಣಿಯಲ್ಲಿ ಎಲ್ಲರೂ ಅವರವರಿಗೆ ತೋಚಿದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಅವರಲ್ಲಿ ಯಾರೂ ನಮ್ಮ ಮನೆಯೊಳಗೆ ಇರಲಿಲ್ಲ.

ಇವರದು ಕೆಂಗೇರಿ ಹತ್ತಿರದ ಊರು. ಈಗ ಅದು ಊರಲ್ಲ, ಲೇಔಟು. ರಾಗಿ ಹೊಲದಲ್ಲಿ ಸೈಟು ಮಾಡಿದ ಅಣ್ಣತಮ್ಮಂದಿರು ಬಾಡಿಗೆ ಮನೆ ಕಟ್ಟಿ, ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಇವರಿಗೆ ಮಾತ್ರ ಆ ಕುರ್ಚಿ ಒಗ್ಗಲಿಲ್ಲ. ಹದಿನಾರನೇ ವಯಸ್ಸಿಗೇ ರಾಜಾಜಿನಗರದ ಗ್ಯಾರೇಜೊಂದಕ್ಕೆ ಸೇರಿಕೊಂಡು ಟೂ ಸ್ಟ್ರೋಕ್ ಬೈಕುಗಳ ಕೆಲಸ ಕಲಿತಿದ್ದರು. ಕಾಲ ಬದಲಾಗಿ ರಸ್ತೆಯ ಮೇಲೆ ಅಂಥ ಬೈಕು, ಸ್ಕೂಟರುಗಳು ಕಡಿಮೆಯಾದವು. ಆದರೆ ದೋಣಿಗಳ ಹಿಂದೆ ಅದೇ ಟೂ ಸ್ಟ್ರೋಕ್ ಎಂಜಿನ್ನು ಉಳಿದುಕೊಂಡಿತು. ಎಂಜಿನ್ನು ನೀರಿಗೆ ಇಳಿಯಿತು, ಇವರು ಅದರ ಹಿಂದೆ ಹೋದರು, ದಡದವರೆಗೆ ಮಾತ್ರ.

ದೋಣಿಯ ಕೆಲಸ ಹಿಡಿದ ಹೊಸದರಲ್ಲಿ ನನಗೆ ಈ ಎಂಜಿನ್ನಿನ ಗುಟ್ಟನ್ನು ಹೇಳಿಕೊಟ್ಟವರು ಇವರೇ. ಬೇರೆ ಎಂಜಿನ್ನುಗಳ ಹೊಟ್ಟೆಯಲ್ಲಿ ಆಯಿಲ್ ಬೇರೆಯಾಗಿಯೇ ಇರುತ್ತದೆ. ಟೂ ಸ್ಟ್ರೋಕಿನಲ್ಲಿ ಹಾಗಿಲ್ಲ. ಪೆಟ್ರೋಲು ಹೋಗುವ ದಾರಿಯಲ್ಲೇ ಆಯಿಲ್ಲೂ ಹೋಗಬೇಕು, ಒಳಗಿನ ಭಾಗಗಳಿಗೆ ಸವರಬೇಕು, ಆಮೇಲೆ ಪೆಟ್ರೋಲಿನ ಜೊತೆ ಉರಿದು ಹೋಗಬೇಕು. ಹಳೇ ಪದ್ಧತಿಯಲ್ಲಿ ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್ ಸುರಿದು ಕ್ಯಾನು ಅಲ್ಲಾಡಿಸುತ್ತಿದ್ದರು. ಐವತ್ತಕ್ಕೆ ಒಂದು, ನನಗೆ ತಕ್ಷಣ ಅರ್ಥವಾಯಿತು. ‘ಆದ್ರೆ ಮೇಡಂ, ದೋಣಿ ಸುಮ್ನೆ ನಿಧಾನವಾಗಿ ಹೋಗ್ತಾ ಇದ್ರೂ ಅಷ್ಟೇ ಆಯಿಲ್ ಯಾಕೆ ಬೇಕು?’ ಎಂದು ಇವರು ಕೇಳಿದರು. ಹೆಂಡತಿಯನ್ನು ಮೇಡಂ ಎಂದು ಕರೆದು ಕಾಡಿಸುವುದು ಇವರ ಅಭ್ಯಾಸ.

ಉತ್ತರ ಒಂದು ಪಂಪಿನಲ್ಲಿತ್ತು. ಆಯಿಲಿಗೆ ಒಂದು ಬೇರೆ ಟ್ಯಾಂಕು, ಅದರ ಕೆಳಗೆ ಬೆರಳುದ್ದದ ಒಂದು ಪಂಪು. ಎಂಜಿನ್ನು ತಿರುಗಿದಂತೆ ಹಲ್ಲುಚಕ್ರವೊಂದು ಆ ಪಂಪನ್ನು ತಿರುಗಿಸುತ್ತದೆ. ಪಂಪಿನ ಮೇಲೊಂದು ಪುಟ್ಟ ಲಿವರ್, ಅದಕ್ಕೂ ಆಕ್ಸಿಲರೇಟರಿಗೂ ಕೊಂಡಿ. ದೋಣಿ ಮೆಲ್ಲಗೆ ಹೋಗುವಾಗ ಪಂಪು ನೂರು ಪಾಲಿಗೆ ಒಂದು ಪಾಲು ಕೊಡುತ್ತದೆ, ಜೋರಾಗಿ ಓಡಿಸಿದರೆ ಐವತ್ತಕ್ಕೆ ಒಂದು. ಹಸಿವು ನೋಡಿ ಬಡಿಸುವ ತಾಯಿಯ ಹಾಗೆ. ದೋಣಿಯವನು ಏನನ್ನೂ ಬೆರೆಸಬೇಕಿಲ್ಲ, ಅಳೆಯಬೇಕಿಲ್ಲ. ಆಯಿಲ್ ಟ್ಯಾಂಕು ಖಾಲಿಯಾಗುತ್ತಾ ಬಂದರೆ ಬಜರ್ ಕೂಗುತ್ತದೆ.

ನಮ್ಮ ಊರಿನ ಮೆಕ್ಯಾನಿಕ್ಕುಗಳಿಗೆ ಈ ಪಂಪಿನ ಮೇಲೆ ನಂಬಿಕೆಯೇ ಇಲ್ಲ. ಬೈಕುಗಳ ಕಾಲದಿಂದ ಬಂದ ಚಾಳಿ ಇದು. ‘ಪಂಪ್ ಯಾವಾಗ ಕೈ ಕೊಡುತ್ತೋ ಗುರು, ಕ್ಲೋಸ್ ಮಾಡಿಸ್ಬಿಡು, ಕೈಯಲ್ಲಿ ಮಿಕ್ಸ್ ಮಾಡೋದೇ ಸೇಫು’ ಎಂದು ಒಂದು ಹಿತ್ತಾಳೆ ಬಿರಡೆ ಬಡಿದು ಪಂಪಿನ ಬಾಯಿ ಮುಚ್ಚಿಬಿಡುತ್ತಾರೆ. ಇವರಿಗೆ ಅದನ್ನು ಕಂಡರೆ ಮೈ ಉರಿ. ‘ಮಾಡಿದವನಿಗೆ ಬುದ್ಧಿ ಇರ್ಲಿಲ್ವಾ, ನಿನಗೇ ಇರೋದಾ?’ ಎನ್ನುತ್ತಿದ್ದರು. ಹಾಗೆಂದು ಕಣ್ಣು ಮುಚ್ಚಿ ನಂಬುತ್ತಲೂ ಇರಲಿಲ್ಲ. ಪಂಪು ಕೂರಿಸಿದ ಮೇಲೆ ಮೊದಲ ಟ್ಯಾಂಕಿಗೆ ಕೈಯಲ್ಲೂ ಆಯಿಲ್ ಬೆರೆಸುತ್ತಿದ್ದರು. ಪೈಪಿನಲ್ಲಿ ಗಾಳಿಗುಳ್ಳೆ ಇದ್ದರೂ ಎಂಜಿನ್ನು ಒಣಗಬಾರದಲ್ಲ. ಆಯಿಲ್ ಟ್ಯಾಂಕಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದು ತಾರೀಕು ಹಾಕುತ್ತಿದ್ದರು. ಎಂಜಿನ್ನು ಓಡಿದ ಮೇಲೆ ಆಯಿಲ್ ಆ ಗೆರೆಯಿಂದ ಕೆಳಗೆ ಇಳಿದಿದೆಯೇ ಎಂದು ತಮ್ಮ ಕಣ್ಣಿನಿಂದಲೇ ನೋಡಬೇಕು. ಆಮೇಲೆಯೇ ದೋಣಿಯವನಿಗೆ ‘ಇನ್ನು ಬರೀ ಪೆಟ್ರೋಲ್ ಹಾಕಿ’ ಎನ್ನುತ್ತಿದ್ದರು. ಮೂರು ಜಿಲ್ಲೆಯ ಕೆರೆ, ಜಲಾಶಯಗಳ ದೋಣಿಯವರಿಗೆ ನಂಜುಂಡಪ್ಪನ ಬಾಯಿಂದ ಆ ಮಾತು ಬಂದರೆ ಸಾಕಿತ್ತು.

ಅಂಗಡಿಯಲ್ಲಿ ಇವರ ಜೊತೆಗಿದ್ದವನು ಸಂಪತ್. ಬಿನ್ನಿಪೇಟೆಯವನು. ಅವನ ಅಪ್ಪ ಮಿಲ್ಲಿನಲ್ಲಿದ್ದು, ಮಿಲ್ಲು ಮುಚ್ಚಿದ ಮೇಲೆ ಮಾತು ಬಿಟ್ಟು ಕೂತವರು. ಇವನು ಇಪ್ಪತ್ತೆರಡು ವರ್ಷದ ಹಿಂದೆ, ಬೈಕುಗಳ ಕಾಲದಲ್ಲೇ, ಫಿಟ್ಟರ್ ಕೆಲಸಕ್ಕೆ ಬಂದು ಸೇರಿದ, ಆಮೇಲೆ ಪಾಲುದಾರನಾದ, ಆಮೇಲೆ ತಮ್ಮನಾದ. ವಾರಕ್ಕೆ ನಾಲ್ಕು ದಿನ ನಮ್ಮ ಮನೆಯ ಮುದ್ದೆ ಬಸ್ಸಾರು ಉಂಡವನು. ನನಗೆ ಆಪರೇಷನ್ ಆದಾಗ ರಕ್ತ ಬೇಕು ಎಂದರೆ ಕೆಲಸದ ಬಟ್ಟೆಯಲ್ಲೇ ಓಡಿ ಬಂದು ಕೊಟ್ಟವನು. ಅವನ ರಕ್ತ ನನ್ನ ಮೈಯಲ್ಲಿದೆ ಎಂದು ನೆನೆದರೆ ಇವತ್ತು ನನಗೆ ಸಂಕಟವಾಗುತ್ತದೆ, ಆದರೆ ಕೊಟ್ಟದ್ದು ಸುಳ್ಳಲ್ಲ. ಸಂಪತ್ ಕೈ ಹಾಕಿದ ಎಂಜಿನ್ನನ್ನು ಇವರು ಮತ್ತೆ ಬಿಚ್ಚಿ ನೋಡುತ್ತಿರಲಿಲ್ಲ. ಪಂಪನ್ನೂ ಗೆರೆ ಎಳೆದು ಪರೀಕ್ಷೆ ಮಾಡುವ ಮನುಷ್ಯ ಅವನನ್ನು ಯಾವತ್ತೂ ಪರೀಕ್ಷೆ ಮಾಡಲಿಲ್ಲ.

ಹೋದ ಫೆಬ್ರವರಿಯಲ್ಲಿ ಇವರಿಗೆ ಜ್ವರ ಬಂತು. ಐದು ದಿನ ಅಂಗಡಿಗೆ ಹೋಗಲಿಲ್ಲ. ಆ ಹೊತ್ತಿನಲ್ಲೇ ಕಶ್ಯಪ್ ಅವರ ಎಂಜಿನ್ನು ಬಂತು. ಕಶ್ಯಪ್ ಇರುವುದು ಬಸವೇಶ್ವರನಗರದಲ್ಲಿ. ರಾಮನಗರದ ಆಚೆ ಜಲಾಶಯವೊಂದರಲ್ಲಿ ದೋಣಿ ವಿಹಾರ ನಡೆಸುತ್ತಾರೆ. ಆ ಎಂಜಿನ್ನಿನ ಪಂಪು ತಿರುಗಿಸುವ ಪ್ಲಾಸ್ಟಿಕ್ ಹಲ್ಲುಚಕ್ರ ಸವೆದು ಹೋಗಿತ್ತು. ಹೊಸದು ಬರಲು ಮೂರು ವಾರ ಬೇಕಿತ್ತು. ಕಶ್ಯಪ್‌ಗೆ ಶಿವರಾತ್ರಿ ರಜೆಗೆ ದೋಣಿ ಬೇಕೇ ಬೇಕಿತ್ತು. ಇವರಿದ್ದಿದ್ದರೆ ‘ಆಗಲ್ಲ ಸಾರ್’ ಎಂದು ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದರು. ಸಂಪತ್ ಹಾಗೆ ಹೇಳಲಿಲ್ಲ. ಪಂಪಿಗೆ ಬಿರಡೆ ಬಡಿದ. ಎರಡು ಕ್ಯಾನು ಪೆಟ್ರೋಲಿಗೆ ತಾನೇ ಆಯಿಲ್ ಬೆರೆಸಿ ಎಂಜಿನ್ನಿನ ಜೊತೆ ಕಳಿಸಿದ. ದೋಣಿಯವರಿಗೆ ಒಂದು ಮಾತನ್ನೂ ಹೇಳಲಿಲ್ಲ.

ರಜೆಯೆಲ್ಲ ಸುಸೂತ್ರವಾಗಿ ಕಳೆಯಿತು. ಇವರು ಜ್ವರ ಬಿಟ್ಟು ಅಂಗಡಿಗೆ ಹೋದರು. ಕ್ಯಾನು ಖಾಲಿಯಾದ ದಿನ ದೋಣಿಯವನು ಇವರಿಗೇ ಫೋನ್ ಮಾಡಿದ: ‘ಸಾರ್, ಸಂಪತ್ ಅಣ್ಣ ಕೊಟ್ಟಿದ್ ಪೆಟ್ರೋಲ್ ಮುಗೀತು. ಬಂಕಿಂದ ತಂದು ಹಾಗೇ ಹಾಕ್ಬೋದಾ?’ ಇವರು ಯೋಚನೆಯನ್ನೂ ಮಾಡಲಿಲ್ಲ. ರಿಪೇರಿಯಾದ ಮೇಲೆ ಮೊದಲ ಟ್ಯಾಂಕಿಗೆ ಕೈಯಲ್ಲಿ ಬೆರೆಸಿ ಕೊಡುವುದು ಅಂಗಡಿಯ ರೂಢಿಯೇ. ಆ ಎಂಜಿನ್ನಿಗೆ ಪಂಪು ಕೂರಿಸಿ ಗೆರೆ ಎಳೆದವರು ಇವರೇ. ‘ಬರೀ ಪೆಟ್ರೋಲ್ ಹಾಕಿ. ಮಿಕ್ಸು ಗಿಕ್ಸು ಏನೂ ಮಾಡ್ಬೇಡಿ, ಪಂಪಿದೆ’ ಎಂದರು.

ಭಾನುವಾರ ನಡುನೀರಿನಲ್ಲಿ ಎಂಜಿನ್ನು ಸೀಜ್ ಆಯಿತು. ಆಯಿಲ್ ಇಲ್ಲದೆ ಪಿಸ್ಟನ್ನು ಕಾದು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಬಜರ್ ಕೂಗಲೇ ಇಲ್ಲ. ಹೇಗೆ ಕೂಗುತ್ತದೆ? ಟ್ಯಾಂಕಿನಲ್ಲಿ ಆಯಿಲ್ ಇದೆಯೇ ಎಂದು ನೋಡುವುದಷ್ಟೇ ಅದರ ಕೆಲಸ. ಟ್ಯಾಂಕು ತುಂಬಿತ್ತು, ಒಂದು ತೊಟ್ಟೂ ಇಳಿದಿರಲಿಲ್ಲ. ದೋಣಿಯಲ್ಲಿ ಮೂರು ಮಕ್ಕಳೂ ಸೇರಿ ಒಂದೇ ಮನೆಯ ಎಂಟು ಜನ. ಗಾಳಿ ದೋಣಿಯನ್ನು ಬಂಡೆಗಳ ಕಡೆಗೆ ತಳ್ಳಿತು. ಬಡಿದ ಹೊಡೆತಕ್ಕೆ ಅಜ್ಜಿಯೊಬ್ಬರ ಮುಂಗೈ ಮುರಿಯಿತು. ಇನ್ನೊಂದು ದೋಣಿ ಬಂದು ಎಳೆದುಕೊಂಡು ಹೋಯಿತು, ಪ್ರಾಣಕ್ಕೇನೂ ಆಗಲಿಲ್ಲ.

ಮಾರನೆಯ ದಿನ ಕಶ್ಯಪ್ ಎಂಜಿನ್ನನ್ನು ಹೊತ್ತುಕೊಂಡು ಅಂಗಡಿಗೆ ಬಂದರು. ದೋಣಿಯವನ ಫೋನಿನಲ್ಲಿ ರೆಕಾರ್ಡಾಗಿದ್ದ ಮಾತನ್ನು ಎಲ್ಲರ ಮುಂದೆ ಕೇಳಿಸಿದರು. ‘ಬರೀ ಪೆಟ್ರೋಲ್ ಹಾಕಿ’, ಇವರದೇ ದನಿ. ಇವರು ಎಂಜಿನ್ನು ಬಿಚ್ಚಿದರು, ಬಿರಡೆ ಕಂಡಿತು. ‘ಇದನ್ನ ಯಾವನು ಹೊಡೆದಿದ್ದು?’ ಎಂದರು.

‘ನಾನೇ ಅಣ್ಣ,’ ಎಂದನಂತೆ ಸಂಪತ್. ‘ನಿಮ್ಗೆ ಹೇಳಿದ್ನಲ್ಲ. ನೀವು ಜ್ವರ ಬಿಟ್ಟು ಬಂದ ದಿನಾನೇ ಹೇಳಿದ್ದೆ, ಗೇರ್ ಬರೋವರ್ಗೂ ಪಂಪ್ ಕ್ಲೋಸ್ ಮಾಡಿದೀನಿ ಅಂತ. ಹೂಂ ಅಂದ್ರಲ್ಲ.’

‘ನಂಗೆ ಹೇಳಿಲ್ಲ ಸಂಪತ್.’

‘ಹೇಳಿದ್ದೆ ಅಣ್ಣ.’ ಆಮೇಲೆ ಕಶ್ಯಪ್ ಕಡೆ ತಿರುಗಿ, ದನಿ ತಗ್ಗಿಸಿ, ‘ಅಣ್ಣಂಗೆ ಈಚೀಚೆಗೆ ಸ್ವಲ್ಪ ಮರೆವು ಸಾರ್. ನಾವೇ ಹುಷಾರಾಗಿ ಇರ್ಬೇಕಿತ್ತು’ ಎಂದನಂತೆ.

ಆ ದನಿ ತಗ್ಗಿಸಿದ್ದಿದೆಯಲ್ಲ, ಅದನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ. ಬೈದಿದ್ದರೆ ಇವರೂ ಬೈಯುತ್ತಿದ್ದರು. ಅವನು ಕನಿಕರ ತೋರಿಸಿದ. ಅರವತ್ಮೂರು ವರ್ಷದ ಮನುಷ್ಯನಿಗೆ ಮರೆವು ಎಂದರೆ ಯಾರು ತಾನೇ ಇಲ್ಲ ಎನ್ನುತ್ತಾರೆ? ಕಶ್ಯಪ್ ನಂಬಿಬಿಟ್ಟರು. ‘ಮನೇಲಿ ರೆಸ್ಟ್ ತಗೊಳ್ಳಿ ನಂಜುಂಡಪ್ನೋರೆ’ ಎಂದು ಬೆನ್ನು ತಟ್ಟಿ ಹೋದರು. ಜಗಳವಿಲ್ಲದೆ ಎಲ್ಲ ಮುಗಿದುಹೋಯಿತು.

ಸಂಜೆ ಇವರು ಬಂದು ನನಗೆ ಹೇಳಿದ್ದು ಒಂದೇ ಮಾತು: ‘ಅವನು ನಂಗೆ ಹೇಳಿಲ್ಲ ಕಣೇ.’

ಈಗ ನನ್ನ ಪಾಲಿನದನ್ನೂ ಬರೆಯಬೇಕು. ನನ್ನ ತಪ್ಪನ್ನು ಬಿಟ್ಟು ಬರೆದರೆ ನಾನೂ ಅವನ ಸಾಲಿಗೇ ಸೇರಿದಂತೆ.

ನಾನು ನಂಬಲಿಲ್ಲ. ಗಂಡನನ್ನು ನಂಬಲಿಲ್ಲ, ಸಂಪತ್‌ನನ್ನು ನಂಬಿದೆ. ಇದಕ್ಕೆ ಎರಡು ತಿಂಗಳ ಹಿಂದೆ ಇವರು ವಿಜಯನಗರದ ಮಾರ್ಕೆಟ್ಟಿಗೆ ಸ್ಕೂಟರಿನಲ್ಲಿ ಹೋಗಿ, ತರಕಾರಿ ತೆಗೆದುಕೊಂಡು ಬಸ್ಸಿನಲ್ಲಿ ಮನೆಗೆ ಬಂದಿದ್ದರು. ಸ್ಕೂಟರಿನ ನೆನಪಾದದ್ದು ಮರುದಿನ. ನಾನೂ ನನ್ನ ಮಗಳು ಕೀರ್ತನಾಳೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಈಗ ಅದೇ ಸ್ಕೂಟರು ನನ್ನ ಎದೆಯ ಮೇಲೆ ಬಂದು ನಿಂತಿತು. ಅಯ್ಯೋ ಶಿವನೇ, ಆಗಲೇ ಶುರುವಾಗಿತ್ತಲ್ಲ, ನನಗೆ ಗೊತ್ತಾಗಲಿಲ್ಲವಲ್ಲ ಎಂದು ಒಳಗಿನ ಕೋಣೆಗೆ ಹೋಗಿ ಸಂಪತ್‌ಗೆ ಫೋನ್ ಮಾಡಿ ಅತ್ತೆ. ‘ನೀನು ಬೇಜಾರು ಮಾಡ್ಕೋಬೇಡ ಕಣಪ್ಪ, ಇವ್ರಿಗೆ ನಿಜವಾಗ್ಲೂ ಮರೆವು ಬಂದಿದೆ’ ಎಂದೆ. ಅವನು ‘ಹೂಂ ಅತ್ತಿಗೆ’ ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಆ ಗಾದೆಯನ್ನು ನನ್ನನ್ನು ನೋಡಿಯೇ ಕಟ್ಟಿರಬೇಕು. ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಏನು ಹೇಳಿಕೊಟ್ಟೆ? ಸ್ಟೆಪ್ಸ್ ಬರೆಯದೆ ಬರೀ ಉತ್ತರ ಬರೆದರೆ ಸೊನ್ನೆ ಎಂದು. ಸಂಪತ್ ಬರೀ ಉತ್ತರ ಬರೆದಿದ್ದ. ನಾನು ನೂರಕ್ಕೆ ನೂರು ಕೊಟ್ಟೆ.

ಕೀರ್ತನಾ ರಾಜಾಜಿನಗರದ ಡಾಕ್ಟರೊಬ್ಬರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ಇವರು ಎಡವದೆ ಹೇಳಿದರು. ಗಡಿಯಾರದ ಚಿತ್ರ ಬರೆಯಿರಿ ಎಂದರು. ಇವರು ಸೆಕೆಂಡಿನ ಮುಳ್ಳನ್ನೂ ಸೇರಿಸಿ ಬರೆದರು. ಡಾಕ್ಟರು ನಕ್ಕು, ‘ವಯಸ್ಸಿಗೆ ತಕ್ಕ ಹಾಗೆ ಇದ್ದಾರೆ, ಆದ್ರೂ ಮನೇಲಿ ಗಮನಿಸ್ತಾ ಇರಿ’ ಎಂದು ವಿಟಮಿನ್ ಮಾತ್ರೆ ಕೊಟ್ಟರು. ಅವರು ಹೇಳಿದ್ದರಲ್ಲಿ ಮೊದಲಿನ ಅರ್ಧ ನನ್ನ ಕಿವಿಗೆ ಹೋಗಲೇ ಇಲ್ಲ.

ಅಂಗಡಿ ಸಂಪತ್ ಪಾಲಾಯಿತು. ‘ಅಣ್ಣ ಆರಾಮಾಗಿ ಇರ್ಲಿ ಅತ್ತಿಗೆ, ನಾನು ನೋಡ್ಕೋತೀನಿ’ ಎಂದ. ನಾನೇ ಕೈಯಾರೆ ಇವರ ಕೆಲಸದ ಬಟ್ಟೆಯನ್ನು ಒಗೆದು, ಮಡಚಿ, ಅಟ್ಟದ ಮೇಲಿಟ್ಟೆ. ಮೊದಮೊದಲು ಇವರು ಗಲಾಟೆ ಮಾಡಿದರು. ‘ನಂಗೇನಾಗಿದೆ ಅಂತ ಮನೇಲಿ ಕೂರಿಸ್ತೀಯ? ಅವನು ಹೇಳಿಲ್ಲ, ಹೇಳಿಲ್ಲ, ಹೇಳಿಲ್ಲ!’ ಎಂದು ಕೂಗಿ ತಟ್ಟೆ ದೂಡಿ ಎದ್ದುಹೋದರು. ನಾನು ಕೀರ್ತನಾಳಿಗೆ ಕಣ್ಸನ್ನೆ ಮಾಡಿದೆ, ನೋಡು, ಕೋಪವೂ ಜಾಸ್ತಿಯಾಗಿದೆ ಎಂದು. ಆ ಸನ್ನೆಯನ್ನು ಇವರು ನೋಡಿಬಿಟ್ಟರು. ಆಮೇಲೆ ಕೂಗಲಿಲ್ಲ.

ದಿನಾ ಸಂಜೆ ದೀಪ ಹಚ್ಚಿದ ಮೇಲೆ ನನ್ನ ಪರೀಕ್ಷೆ. ಸೋಫಾದ ಮೇಲೆ ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದೆ. ಬೆಳಿಗ್ಗೆ ತಿಂಡಿ ಏನು? ಗ್ಯಾಸಿನವನು ಬಂದದ್ದು ಯಾವತ್ತು? ಮೊನ್ನೆ ಫೋನ್ ಮಾಡಿದ್ದು ಯಾರು? ಇವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ಎಲ್ಲದಕ್ಕೂ ಉತ್ತರ ಹೇಳುತ್ತಿದ್ದರು. ಕೊನೆಯ ಪ್ರಶ್ನೆ ಮಾತ್ರ ದಿನವೂ ಒಂದೇ. ‘ಸಂಪತ್ ಪಂಪಿನ ವಿಷಯ ಹೇಳಿದ್ದು ನೆನಪಾಯ್ತಾ? ನಿಧಾನವಾಗಿ ಯೋಚ್ನೆ ಮಾಡಿ. ಅಂಗಡೀಲಿದ್ರಿ, ಜ್ವರ ಬಿಟ್ಟಿತ್ತು, ಅವನು ಪಕ್ಕದಲ್ಲಿ ನಿಂತಿದ್ದ. ಟೀ ಕುಡೀತಾ ಇದ್ರೇನೋ?’ ಇಲ್ಲ ಎಂದು ತಲೆಯಾಡಿಸುತ್ತಿದ್ದರು. ನಾನು ನಿಟ್ಟುಸಿರು ಬಿಡುತ್ತಿದ್ದೆ. ಹೀಗೆ ಮೂರು ತಿಂಗಳು ನಡೆಯಿತು. ಕೊನೆಕೊನೆಗೆ ಇಲ್ಲ ಎನ್ನುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನೆ ಗೋಡೆ ನೋಡತೊಡಗಿದರು.

ಮೇ ತಿಂಗಳಿನ ಒಂದು ಬೆಳಿಗ್ಗೆ ಇವರು ಹಲ್ಲುಜ್ಜುತ್ತಿದ್ದವರು ಬಾಯಿಯ ನೊರೆಯ ಸಮೇತ ಅಡುಗೆಮನೆಗೆ ಬಂದರು.

‘ಹೇಳಿದ್ದ ಕಣೇ!’

‘ಯಾರು?’

‘ಸಂಪತ್. ನೆನಪಾಯ್ತು! ಟೀ ಕುಡೀತಾ ಇದ್ವಿ. ಗ್ಲಾಸನ್ನ ಹಳೇ ಟೈರ್ ಮೇಲೆ ಇಟ್ಟಿದ್ದ. ವೇಸ್ಟ್ ಬಟ್ಟೇಲಿ ಕೈ ಒರೆಸ್ಕೊಂಡು, ಅಣ್ಣ ಪಂಪ್ ಕ್ಲೋಸ್ ಮಾಡಿದೀನಿ ಅಂದ. ನಾನು ಹೂಂ ಅಂದೆ. ನನ್ದೇ ತಪ್ಪು.’ ಅವರ ಮುಖದಲ್ಲಿ ಅಂಥ ಬೆಳಕನ್ನು ಮೂರು ತಿಂಗಳಿಂದ ನಾನು ಕಂಡಿರಲಿಲ್ಲ. ತಪ್ಪು ತನ್ನದು ಎಂದು ಗೊತ್ತಾದದ್ದಕ್ಕೆ ಖುಷಿಪಟ್ಟ ಮನುಷ್ಯನನ್ನು ನಾನು ನೋಡಿದ್ದು ಅವತ್ತೇ. ನೆನಪು ಬಂತಲ್ಲ, ತಲೆ ಸರಿಯಾಯಿತಲ್ಲ ಎಂದು ನಾನೂ ಕುಣಿದಾಡಿದೆ. ಕಾಯಿ ಒಬ್ಬಟ್ಟು ಮಾಡಿದೆ. ಸಂಪತ್‌ಗೆ ಫೋನ್ ಮಾಡಿ, ‘ನೆನಪಾಯ್ತಂತೆ ಕಣೋ, ನೀನು ಹೇಳಿದ್ದು! ಟೈರ್ ಮೇಲಿಟ್ಟ ಟೀ ಗ್ಲಾಸು ಕೂಡ ನೆನಪಿದೆಯಂತೆ!’ ಎಂದೆ. ‘ಒಳ್ಳೇದಾಯ್ತು ಅತ್ತಿಗೆ’ ಎಂದು ಫೋನ್ ಇಟ್ಟ.

ಜುಲೈಯಲ್ಲಿ ದೊಡ್ಡಹನುಮಯ್ಯ ಮನೆಗೆ ಬಂದ. ಕಾಮಾಕ್ಷಿಪಾಳ್ಯದಲ್ಲಿ ಲೇತ್ ಇಟ್ಟುಕೊಂಡಿದ್ದಾನೆ, ನಮ್ಮ ಅಂಗಡಿಗೆ ಬೇಕಾದ ಸಣ್ಣಪುಟ್ಟ ಭಾಗಗಳನ್ನು ಕೊರೆದು ಕೊಡುವವನು. ಮಗಳ ಮದುವೆಯ ಕಾರ್ಡು ಕೊಡಲು ಬಂದಿದ್ದ. ಇವರು ಕ್ಷೌರಕ್ಕೆ ಹೋಗಿದ್ದರು. ಕಾಫಿ ಕೊಟ್ಟೆ. ಲೋಟ ಕೆಳಗಿಟ್ಟು, ‘ಮೇಡಂ, ಅಣ್ಣಂಗೆ ನನ್ ಮೇಲೆ ಬೇಜಾರಿದ್ಯಾ? ಮದ್ವೆಗೆ ಬರ್ತಾರಾ?’ ಎಂದ.

‘ನಿನ್ನ ಮೇಲೆ ಯಾಕೆ ಬೇಜಾರು?’

‘ಆ ಹಿತ್ತಾಳೆ ಬಿರಡೆ ತಿರುವಿ ಕೊಟ್ಟಿದ್ದು ನಾನೇ ಅಲ್ವಾ ಮೇಡಂ. ಅಣ್ಣಂಗೆ ಗೊತ್ತಾಗೋದು ಬೇಡ, ಬೈತಾರೆ, ಗೇರ್ ಬಂದ್ಮೇಲೆ ತೆಗೆದ್ಬಿಡ್ತೀನಿ ಅಂದಿದ್ದ ಸಂಪತ್. ನಾನು ಸುಮ್ನೆ ಮಾಡ್ಕೊಟ್ಟೆ.’

‘ಆಮೇಲೆ ಹೇಳಿದ್ದನಲ್ಲಪ್ಪ, ಇವ್ರೇ ಮರೆತಿದ್ದು.’

ದೊಡ್ಡಹನುಮಯ್ಯ ನನ್ನ ಮುಖವನ್ನೇ ನೋಡಿದ. ‘ಎಲ್ ಹೇಳ್ದ ಮೇಡಂ? ಬೋಟ್ ಕೆಟ್ಟ ಭಾನುವಾರ ಸಾಯಂಕಾಲ ನಂಗೆ ಫೋನ್ ಮಾಡಿ ಅತ್ತುಬಿಟ್ಟ. ಅಣ್ಣಂಗೆ ಹೇಳೋದನ್ನೇ ಮರ್ತುಬಿಟ್ಟೆ ಹನುಮಯ್ಯ, ಏನ್ ಮಾಡ್ಲಿ ಈಗ, ಅಂತ. ನಾನು, ಹೋಗಿ ಕಾಲಿಗ್ ಬಿದ್ಬಿಡು, ಅಣ್ಣ ದೇವ್ರಂಥೋರು ಅಂದೆ. ಬಿದ್ದಿರ್ತಾನೆ ಅಂದ್ಕೊಂಡಿದ್ದೆ.’

ಮರೆತವನು ಅವನು! ತನ್ನ ಮರೆವನ್ನು ಎತ್ತಿ ನನ್ನ ಗಂಡನ ತಲೆಯ ಮೇಲೆ ಹಾಕಿದ್ದ. ಕಾರ್ಡು ಎಲ್ಲಿಟ್ಟೆನೋ, ಅವನನ್ನು ಹೇಗೆ ಕಳಿಸಿದೆನೋ ತಿಳಿಯದು. ಚಪ್ಪಲಿ ಮೆಟ್ಟಿ ಸೀದಾ ಅಂಗಡಿಗೆ ನಡೆದೆ. ಮಧ್ಯಾಹ್ನ ಹನ್ನೆರಡು ಗಂಟೆ, ಓಣಿಯ ಜನವೆಲ್ಲ ಹೊರಗಿತ್ತು. ಸಂಪತ್ ಡ್ರಮ್ಮಿನ ಪಕ್ಕದಲ್ಲಿ ಬಗ್ಗಿದ್ದ. ಎದ್ದು ನಿಂತು ‘ಬನ್ನಿ ಅತ್ತಿಗೆ’ ಎಂದ. ಕೆನ್ನೆಗೆ ಬಾರಿಸಿದೆ. ಇಪ್ಪತ್ತೊಂಬತ್ತು ವರ್ಷ ಯಾವ ಮಗುವಿನ ಮೇಲೂ ಎತ್ತದ ಕೈ ಅದು.

‘ಉಂಡ ಮನೆಗೆ ಎರಡು ಬಗೆದ್ಯಲ್ಲೋ! ಹೇಳಿದ್ಯಾ ನೀನು ಅವ್ರಿಗೆ? ನನ್ನ ಮುಖ ನೋಡಿ ಹೇಳು, ಹೇಳಿದ್ಯಾ?’

ಅವನು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ‘ಇಲ್ಲ’ ಎಂದ.

‘ಮತ್ತೆ ನೆನಪಾಯ್ತಂತೆ ಅಂತ ನಾನು ಫೋನ್ ಮಾಡ್ದಾಗ ನಿನ್ ಬಾಯಿಗೆ ಏನ್ ಬಡಿದಿತ್ತು?’

‘ಭಯ ಆಯ್ತು ಅತ್ತಿಗೆ. ಟೀ ಗ್ಲಾಸು, ಟೈರು ಎಲ್ಲಾ ಹೇಳಿದ್ರಲ್ಲ ನೀವು. ಒಂದ್ ಗಳಿಗೆ ನಂಗೇ ಅನ್ನಿಸ್ಬಿಡ್ತು, ಹೇಳಿದ್ನೇನೋ ಅಂತ.’ ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ‘ಕಶ್ಯಪ್ ಸಾರ್ ಮುಂದೆ ಬಾಯಿಗ್ ಬಂದುಬಿಡ್ತು. ಸಾಯಂಕಾಲ ಮನೆಗೆ ಬಂದು ಅಣ್ಣನ ಕಾಲು ಹಿಡ್ಕೋಬೇಕು ಅಂತಾನೇ ಬಿನ್ನಿಪೇಟೆಯಿಂದ ಹೊರಟಿದ್ದೆ. ದಾರೀಲಿ ನಿಮ್ ಫೋನ್ ಬಂತು. ಸ್ಕೂಟರ್ ವಿಷಯ ಹೇಳ್ಕೊಂಡು ಅತ್ರಿ. ನಾನ್ ಹೇಳಿದ್ದು ಒಂದ್ ಸುಳ್ಳು ಅತ್ತಿಗೆ. ಮಿಕ್ಕಿದ್ದನ್ನೆಲ್ಲ ನೀವೇ ಮಾಡಿದ್ರಿ.’

ಇನ್ನೊಂದು ಬಾರಿಸಬೇಕಿತ್ತು. ಆಗಲಿಲ್ಲ. ಅವನು ಅಂದದ್ದರಲ್ಲಿ ಅಳಿಸುವ ಒಂದು ಅಕ್ಷರವೂ ನನಗೆ ಸಿಗಲಿಲ್ಲ. ಅವನ ಕೈಗೇ ಫೋನ್ ಕೊಟ್ಟು, ಕಶ್ಯಪ್‌ಗೆ ಮಾಡಿಸಿ, ಸ್ಪೀಕರಿಗೆ ಹಾಕಿಸಿ, ಓಣಿಯ ಜನರ ಮುಂದೆ ಎಲ್ಲವನ್ನೂ ಹೇಳಿಸಿದೆ. ಕಶ್ಯಪ್ ‘ಛೆ ಛೆ’ ಎಂದರು. ‘ನಾಳೆ ಬೆಳಿಗ್ಗೆ ನಾನೇ ನಂಜುಂಡಪ್ನೋರಿಗೆ ಫೋನ್ ಮಾಡ್ತೀನಿ ಮೇಡಂ. ಇನ್ಮೇಲೆ ನನ್ ಎಂಜಿನ್‌ಗಳಿಗೆಲ್ಲ ಅವ್ರೇ ಕೈ ಹಾಕ್ಬೇಕು’ ಎಂದರು. ನಾನು ಹೆಚ್ಚುಕಡಿಮೆ ಓಡುತ್ತಾ ಮನೆಗೆ ಬಂದೆ. ನಾನು ಮಾಡಿದ್ದನ್ನು ಇಷ್ಟರಿಂದ ತೊಳೆದುಕೊಳ್ಳಬಹುದು ಎಂದು ಎಲ್ಲೋ ಒಂದು ಆಸೆಯಿತ್ತು.

ಇವರು ಕ್ಷೌರ ಮಾಡಿಸಿ, ಸ್ನಾನ ಮುಗಿಸಿ, ನಡುಮನೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಎದುರಿಗೆ ನೆಲದ ಮೇಲೆ ಕೂತು ಒಂದೂ ಬಿಡದೆ ಹೇಳಿದೆ. ಬಿರಡೆ, ಹನುಮಯ್ಯ, ಭಾನುವಾರದ ಫೋನು, ನಾನು ಕೊಟ್ಟ ಏಟು, ಕಶ್ಯಪ್ ಮಾತು. ‘ನೀವೇ ಸರಿ ಇದ್ರಿ. ಅವನು ಹೇಳಿರ್ಲಿಲ್ಲ. ನನ್ನ ಕ್ಷಮಿಸಿಬಿಡಿ’ ಎಂದು ಅವರ ಮೊಣಕಾಲು ಹಿಡಿದುಕೊಂಡೆ.

ಇವರ ಬೆರಳು ಬೆಳ್ಳುಳ್ಳಿಯ ಮೇಲೆ ನಿಂತಿತು. ‘ಹೇಳಿದ್ದ ಕಣೇ’ ಎಂದರು.

‘ಇಲ್ಲ. ಅವನೇ ಒಪ್ಕೊಂಡ.’

‘ಟೀ ಕುಡೀತಾ ಇದ್ವಿ. ಗ್ಲಾಸು ಟೈರ್ ಮೇಲಿತ್ತು.’

‘ಅದು ನಾನು ಹೇಳಿದ್ದು. ದಿನಾ ಟೀ ಕುಡೀತಾ ಇದ್ರೇನೋ, ಟೀ ಕುಡೀತಾ ಇದ್ರೇನೋ ಅಂತ ನಾನೇ ನಿಮ್ಮ ತಲೆಗೆ ತುಂಬಿದ್ದು.’

‘ಟೈರ್ ನೀನು ಹೇಳಿರ್ಲಿಲ್ಲ.’

ಹೌದು, ಟೈರನ್ನು ನಾನು ಹೇಳಿರಲಿಲ್ಲ. ಇವರಿಗೆ ಸಿಟ್ಟು ಬರುತ್ತದೆ ಎಂದು ಕಾದೆ, ಬೈಯಲಿ ಎಂದು ಕಾದೆ. ‘ಹಾಗಾದ್ರೆ ನನ್ನ ಕಣ್ಮುಂದೆ ಇರೋದು ಏನೇ ಇದು?’ ಎಂದರು. ‘ಅವನು ಕೈ ಒರೆಸ್ಕೊಂಡಿದ್ದು ಈಗ್ಲೂ ಕಾಣ್ತಾ ಇದೆ ನಂಗೆ.’

‘ಅದೆಲ್ಲ ಹೋಗ್ಲಿ ಬಿಡಿ,’ ಎಂದೆ. ‘ನಿಮಗೆ ಮರೆವಿಲ್ಲ ಅಂತ ಆಯ್ತಲ್ಲ. ಕೆಲ್ಸದ ಬಟ್ಟೆ ಇಳಿಸ್ತೀನಿ. ಅಂಗಡಿಗೆ ಹೋಗಿ.’

‘ಬೇಡ’ ಎಂದರು. ದನಿ ಮೆತ್ತಗಿತ್ತು, ಯಾವುದೋ ಎಂಜಿನ್ನನ್ನು ಬಿಚ್ಚಿ ನೋಡಿ ಅದರ ದೋಷ ಹೇಳುವಾಗಿನ ದನಿ. ‘ಮರೆಯೋನಾದ್ರೆ ಚೀಟೀಲಿ ಬರ್ಕೊಂಡು ಕೆಲ್ಸ ಮಾಡ್ಬೋದಿತ್ತು. ಆಗ್ದೇ ಇರೋದು ಆಗಿದೆ ಅಂತ ಕಾಣೋನು ಏನ್ ಮಾಡ್ಲಿ? ನಟ್ಟು ಬಿಗಿದೇ ಇರಲ್ಲ, ಬಿಗಿದ ಹಾಗೇ ಕಾಣುತ್ತೆ ನಂಗೆ. ಅಂಥವನು ಮುಟ್ಟಿದ ಎಂಜಿನ್ ಹಿಂದೆ ಮಕ್ಕಳನ್ನ ಕೂರಿಸ್ತಾರೇನೇ?’

ಮರುದಿನ ಬೆಳಿಗ್ಗೆ ಕಶ್ಯಪ್ ಫೋನ್ ಮಾಡಿದರು. ಹೇಳಿದ ಮಾತಿಗೆ ತಪ್ಪಲಿಲ್ಲ. ಇವರು ಫೋನ್ ತೆಗೆದು ಹೆಸರು ನೋಡಿದರು, ನನ್ನ ಕೈಗೆ ಕೊಟ್ಟರು.

‘ನೀನೇ ಮಾತಾಡು,’ ಎಂದರು. ‘ನಿಂಗೆ ಎಲ್ಲಾ ಸರಿಯಾಗಿ ನೆನಪಿರುತ್ತೆ.’

ವ್ಯಂಗ್ಯಕ್ಕೆ ಹೇಳಿದ್ದರೆ ಜಗಳವಾಡಬಹುದಿತ್ತು. ಇವರು ನಿಜವಾಗಿಯೇ ಹೇಳಿದರು.